ಹುಡುಗನ ಹೆಸರಲ್ಲಿ ಲೆಕ್ಕ ಬರೆದ ಸೋಫಿ ಜರ್ಮೇನ್



ಗಣಿತಜ್ಞರು ಅಂದ ಕೂಡಲೆ ನಮ್ಮ ಬಾಯಿಗೆ ಬರುವ ಹೆಸರುಗಳೆಲ್ಲ ಗಂಡಸರವು. ಫ್ರಾನ್ಸ್ ದೇಶದ ಸೋಫಿ ಜರ್ಮೇನ್ ಎಂಬಾಕೆಯ ಹೆಸರು ಕೇಳಿದವರು ಕಡಿಮೆ. ಆಕೆ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಲಿಲ್ಲ, ಎಲ್ಲಿಯೂ ಪಾಠ ಹೇಳಲಿಲ್ಲ, ಒಂದು ತಿಂಗಳ ಸಂಬಳವನ್ನೂ ಎಣಿಸಲಿಲ್ಲ. ಆದರೂ ಸಂಖ್ಯೆಗಳ ಒಂದು ಗುಂಪನ್ನು ಇವತ್ತಿಗೂ ಆಕೆಯ ಹೆಸರಿನಿಂದಲೇ ಕರೆಯುತ್ತಾರೆ.

ಸೋಫಿ ಹುಟ್ಟಿದ್ದು 1776ರ ಏಪ್ರಿಲ್ 1ರಂದು, ಪ್ಯಾರಿಸ್ಸಿನಲ್ಲಿ. ತಂದೆ ರೇಷ್ಮೆ ವ್ಯಾಪಾರಿ. ಆಕೆಗೆ 13 ವರ್ಷವಾದಾಗ, 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿ ಶುರುವಾಯಿತು. ಬೀದಿಯಲ್ಲಿ ಗಲಾಟೆ, ಹೊರಗೆ ಹೋಗುವ ಹಾಗಿಲ್ಲ. ಮನೆಯ ಪುಸ್ತಕದ ಕೋಣೆಯೇ ಗತಿ. ಅಲ್ಲಿ ಆಕೆ ಆರ್ಕಿಮಿಡೀಸನ ಕಥೆ ಓದಿದಳು. ಊರಿಗೆ ಶತ್ರುಗಳು ನುಗ್ಗಿದರೂ ಆತ ರೇಖಾಗಣಿತದ ಲೆಕ್ಕದಲ್ಲೇ ಮುಳುಗಿದ್ದನಂತೆ. ಸೈನಿಕನೊಬ್ಬ ಕರೆದಾಗ ಏಳಲಿಲ್ಲವೆಂದು ಕತ್ತಿಯಿಂದ ಇರಿದು ಕೊಂದನಂತೆ. ಜೀವವನ್ನೇ ಮರೆಸುವಂಥ ವಿದ್ಯೆ ಅದೇನಿರಬಹುದು? ಅದನ್ನು ನೋಡಿಯೇ ಬಿಡಬೇಕು ಅಂತ ಹುಡುಗಿ ಹಟ ಹಿಡಿದಳು.

ಮನೆಯವರಿಗೆ ಇದು ಹಿಡಿಸಲಿಲ್ಲ. ಹೆಣ್ಣುಮಕ್ಕಳಿಗೆ ಗಣಿತ ಯಾಕೆ ಅನ್ನೋದು ಆ ಕಾಲದ ಮಾತು. ರಾತ್ರಿ ಎದ್ದು ಓದಬಾರದೂಂತ ಮೇಣದಬತ್ತಿ ತೆಗೆದಿಟ್ಟರು, ಒಲೆಯ ಬೆಂಕಿ ಆರಿಸಿದರು, ಬೆಚ್ಚನೆಯ ಬಟ್ಟೆಗಳನ್ನೂ ಎತ್ತಿಟ್ಟರು. ಹುಡುಗಿ ಕದ್ದಿಟ್ಟ ಮೇಣದಬತ್ತಿ ಹಚ್ಚಿ, ಕಂಬಳಿ ಹೊದ್ದು ಕೂತು ಓದಿದಳು. ಬೆಳಿಗ್ಗೆ ಅಪ್ಪ ಅಮ್ಮ ಬಂದು ನೋಡಿದರೆ ಮಗಳು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಾಳೆ, ಮಸಿಕುಡಿಕೆಯಲ್ಲಿ ಮಸಿ ಚಳಿಗೆ ಗಡ್ಡೆಕಟ್ಟಿದೆ! ಕೊನೆಗೆ ಅವರೇ ಸೋತರು. ಮುಂದೆ ಅದೇ ತಂದೆ ಮಗಳ ಖರ್ಚನ್ನೆಲ್ಲ ನೋಡಿಕೊಂಡರು ಎಂಬುದನ್ನೂ ಹೇಳಬೇಕು.

1794ರಲ್ಲಿ ಪ್ಯಾರಿಸ್ಸಿನಲ್ಲಿ ಎಕೋಲ್ ಪಾಲಿಟೆಕ್ನಿಕ್ ಎಂಬ ದೊಡ್ಡ ವಿದ್ಯಾಲಯ ತೆರೆಯಿತು. ಗಂಡುಮಕ್ಕಳಿಗೆ ಮಾತ್ರ. (ಅಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1972ರಲ್ಲಿ ಅಂದರೆ ನಂಬುತ್ತೀರಾ?) ಸೋಫಿ ಅಲ್ಲಿನ ಪಾಠಗಳ ಟಿಪ್ಪಣಿಗಳನ್ನು ಹೇಗೋ ತರಿಸಿಕೊಂಡಳು. ವಿದ್ಯಾರ್ಥಿಗಳು ಪಾಠದ ಕೊನೆಗೆ ತಮ್ಮ ವಿಚಾರ ಬರೆದು ಕೊಡುವ ಪದ್ಧತಿ ಅಲ್ಲಿತ್ತು. ಆಕೆ ಲೆಬ್ಲಾಂಕ್ ಎಂಬ ವಿದ್ಯಾರ್ಥಿಯ ಹೆಸರು ಹಾಕಿ ತನ್ನ ಬರಹ ಕಳಿಸಿದಳು. ಓದಿದ ಪ್ರೊಫೆಸರ್ ಲಗ್ರಾಂಜ್ ಬೆರಗಾದರು. ಈ ಹುಡುಗ ಯಾರು ಅಂತ ವಿಚಾರಿಸಿದರೆ ಹುಡುಗಿ! ಅವರು ಸಿಟ್ಟಾಗಲಿಲ್ಲ, ಬೆನ್ನು ತಟ್ಟಿದರು.

1804ರಲ್ಲಿ ಜರ್ಮನಿಯ ಮಹಾಗಣಿತಜ್ಞ ಗೌಸ್‌ಗೂ ಆಕೆ ಅದೇ ಲೆಬ್ಲಾಂಕ್ ಹೆಸರಲ್ಲಿ ಪತ್ರ ಬರೆದಳು. 1806ರಲ್ಲಿ ಫ್ರೆಂಚ್ ಸೈನ್ಯ ಗೌಸ್ ಇದ್ದ ಬ್ರೌನ್ಶ್‌ವೈಗ್ ಊರನ್ನು ಹಿಡಿಯಿತು. ಆರ್ಕಿಮಿಡೀಸನ ಗತಿ ಗೌಸ್‌ಗೂ ಬಂದರೆ? ಮನೆಗೆ ಪರಿಚಯವಿದ್ದ ಸೇನಾಧಿಕಾರಿ ಪೆರ್ನೆಟಿಗೆ ಸೋಫಿ ಹೇಳಿಕಳಿಸಿದಳು. ಸೈನ್ಯದವರು ಬಂದು ಜರ್ಮೇನ್ ಅವರ ಹೆಸರು ಹೇಳಿದರೆ ಗೌಸ್‌ಗೆ ಅರ್ಥವೇ ಆಗಲಿಲ್ಲ, ಆ ಹೆಸರಿನವರು ಯಾರೂ ಅವರಿಗೆ ಗೊತ್ತಿರಲಿಲ್ಲ! 1807ರಲ್ಲಿ ಸೋಫಿ ನಿಜ ತಿಳಿಸಿದಾಗ ಗೌಸ್ ಮೆಚ್ಚಿ ಉತ್ತರ ಬರೆದರು.

ಇಲ್ಲಿವರೆಗೆ ಕಥೆ ಚೆನ್ನಾಗಿದೆ. ಕಷ್ಟ ಮುಂದಿದೆ. ತಗಡಿನ ಮೇಲೆ ಮರಳು ಚೆಲ್ಲಿ ಅಂಚಿಗೆ ಪಿಟೀಲಿನ ಕಮಾನು ಉಜ್ಜಿದರೆ ಮರಳು ತಾನಾಗಿ ಸರಿದು ರಂಗೋಲಿಯಂಥ ಚಿತ್ರ ಮೂಡುತ್ತದೆ. ತಗಡು ಎಲ್ಲಿ ನಡುಗುವುದಿಲ್ಲವೋ ಅಲ್ಲಿ ಮರಳು ನಿಲ್ಲುತ್ತದೆ. ಕ್ಲಾಡ್ನಿ ಎಂಬ ಜರ್ಮನ್ ವಿಜ್ಞಾನಿ ಇದನ್ನು ನೆಪೋಲಿಯನ್‌ಗೆ ತೋರಿಸಿದ. ಈ ಚಿತ್ರಗಳ ಹಿಂದಿನ ಗಣಿತವನ್ನು ಹೇಳಿದವರಿಗೆ ಬಹುಮಾನವೆಂದು 1809ರಲ್ಲಿ ವಿಜ್ಞಾನ ಅಕಾಡೆಮಿ ಸಾರಿತು. ಗಣಿತ ಇನ್ನೂ ಅಷ್ಟು ಬೆಳೆದಿಲ್ಲವೆಂದು ದೊಡ್ಡವರು ಹಿಂದೆ ಸರಿದರು. 1811ರಲ್ಲಿ ಬಂದದ್ದು ಒಂದೇ ಉತ್ತರ. ಅದು ಸೋಫಿಯದು.

ಅದು ತಪ್ಪಾಗಿತ್ತು. ವಿಚಾರ ಸರಿಯಾದ ದಾರಿಯಲ್ಲೇ ಇತ್ತು. ಆದರೆ ಮೇಲಿನ ದರ್ಜೆಯ ಕಲನಶಾಸ್ತ್ರವನ್ನು ಆಕೆಗೆ ಯಾರೂ ಕ್ರಮವಾಗಿ ಕಲಿಸಿರಲಿಲ್ಲ. ಹಾಗಾಗಿ ಸಮೀಕರಣ ಬರೆಯುವಲ್ಲಿ ಎಡವಿದಳು. ತೀರ್ಪುಗಾರರಲ್ಲಿ ಒಬ್ಬರಾದ ಲಗ್ರಾಂಜ್ ಅದನ್ನು ತಿದ್ದಿ ಸರಿಯಾದ ಸಮೀಕರಣ ಬರೆದರು. ನಮ್ಮ ಲೆಕ್ಕ ತಪ್ಪಿದರೆ ಮೇಷ್ಟ್ರು ಅವತ್ತೇ ಕೆಂಪು ಮಸಿಯಲ್ಲಿ ಗೆರೆ ಎಳೀತಾರೆ, ಬೋರ್ಡಿನ ಹತ್ತಿರ ಕರೆದು ಮತ್ತೆ ಮಾಡಿಸ್ತಾರೆ. ಸೋಫಿಗೆ ತಪ್ಪು ತಿಳಿಯಬೇಕಾದರೆ ವರ್ಷಗಟ್ಟಲೆ ಕಾಯಬೇಕಿತ್ತು. ಕತ್ತಲಲ್ಲಿ ಕದ್ದು ಓದಿ ಜಾಣೆ ಆಗಬಹುದು, ಆದರೆ ತರಗತಿಯಲ್ಲಿ ಸಿಗುವುದು ಅಲ್ಲಿ ಸಿಗುವುದಿಲ್ಲ ಅಂತ ನನಗನಿಸುತ್ತೆ.

ಆಕೆ ಬಿಡಲಿಲ್ಲ. 1813ರಲ್ಲಿ ಎರಡನೇ ಸಲ ಕಳಿಸಿದ್ದಕ್ಕೆ ಬರೀ ಮೆಚ್ಚುಗೆ ಸಿಕ್ಕಿತು. ಮೂರನೇ ಸಲ, 1816ರಲ್ಲಿ, ಬಹುಮಾನ ಬಂತು. ಆಗಲೂ ತೀರ್ಪುಗಾರರು ಪೂರ್ತಿ ಒಪ್ಪಿರಲಿಲ್ಲ. ಬಹುಮಾನದ ಸಭೆಗೆ ಆಕೆ ಹೋಗಲೇ ಇಲ್ಲ. 1822ರಲ್ಲಿ ಫೂರಿಯೇ ಅಕಾಡೆಮಿಯ ಕಾರ್ಯದರ್ಶಿಯಾದ ಮೇಲಷ್ಟೆ ಅಲ್ಲಿನ ಸಭೆಗಳಲ್ಲಿ ಕೂರಲು ಆಕೆಗೆ ಅವಕಾಶವಾಯಿತು. ಸದಸ್ಯೆಯಾಗಿ ಅಲ್ಲ, ಕೇಳುವವಳಾಗಿ.

ನಡುವೆ ಫರ್ಮಾನ ಸಮಸ್ಯೆಯನ್ನೂ ಹಿಡಿದಿದ್ದಳು. 3ರ ವರ್ಗಕ್ಕೆ 4ರ ವರ್ಗ ಕೂಡಿಸಿದರೆ 5ರ ವರ್ಗ (9 + 16 = 25). ಘನಗಳಲ್ಲಾಗಲಿ ಅದಕ್ಕಿಂತ ಮೇಲಿನ ಘಾತಗಳಲ್ಲಾಗಲಿ ಹೀಗೆ ಪೂರ್ಣಸಂಖ್ಯೆಗಳು ಸಿಗುವುದೇ ಇಲ್ಲ ಅಂತ ಫರ್ಮಾ ಸುಮಾರು 1637ರಲ್ಲಿ ಬರೆದಿಟ್ಟಿದ್ದ. ಎಲ್ಲರೂ ಒಂದೊಂದೇ ಘಾತ ಹಿಡಿದು ಗುದ್ದಾಡುತ್ತಿದ್ದರು. ಸೋಫಿ ಒಂದೇ ಏಟಿಗೆ ಅನೇಕ ಘಾತಗಳಿಗೆ ಹೊಂದುವ ಪ್ರಮೇಯ ಕೊಟ್ಟಳು. ಪೂರ್ತಿ ಉತ್ತರ ಅಲ್ಲ, ಆದರೆ ದೊಡ್ಡ ಹೆಜ್ಜೆ. ಲೆಜಾಂಡ್ರ್ ಎಂಬ ಗಣಿತಜ್ಞರು ಅದನ್ನು ಆಕೆಯ ಹೆಸರು ಹೇಳಿ ಅಡಿಟಿಪ್ಪಣಿಯಲ್ಲಿ ಅಚ್ಚು ಹಾಕಿಸಿದರು. ಸಮಸ್ಯೆ ಪೂರ್ತಿ ಬಿಡಿಸಿದ್ದು ಇಂಗ್ಲೆಂಡಿನ ಆಂಡ್ರ್ಯೂ ವೈಲ್ಸ್, 1994ರಲ್ಲಿ.

ಸ್ತನ ಕ್ಯಾನ್ಸರಿನಿಂದ ಸೋಫಿ 1831ರ ಜೂನ್ 27ರಂದು ತೀರಿಕೊಂಡರು. ಸಾವಿನ ದಾಖಲೆಯಲ್ಲಿ ಗಣಿತಜ್ಞೆ ಅಂತ ಬರೆಯಲಿಲ್ಲ, ಆಸ್ತಿಯ ವರಮಾನದಲ್ಲಿ ಬದುಕುವವಳು ಅಂತ ಬರೆದರು. 1889ರಲ್ಲಿ ಐಫೆಲ್ ಗೋಪುರ ಕಟ್ಟಿದಾಗ ಅದರ ಮೇಲೆ 72 ವಿಜ್ಞಾನಿಗಳ, ಎಂಜಿನಿಯರುಗಳ ಹೆಸರು ಬರೆಸಿದರು. ಲಗ್ರಾಂಜ್, ಲೆಜಾಂಡ್ರ್, ಫೂರಿಯೇ ಮೂವರೂ ಅದರಲ್ಲಿದ್ದರು. ಸೋಫಿ ಇರಲಿಲ್ಲ.

ಈಗ ಆಕೆಯ ಸಂಖ್ಯೆಗಳು. ಒಂದು ಅವಿಭಾಜ್ಯ ಸಂಖ್ಯೆ ತಗೊಳ್ಳಿ. ಎರಡರಿಂದ ಗುಣಿಸಿ 1 ಕೂಡಿಸಿ. ಉತ್ತರವೂ ಅವಿಭಾಜ್ಯವಾದರೆ ನೀವು ತಗೊಂಡದ್ದು ಸೋಫಿ ಜರ್ಮೇನ್ ಅವಿಭಾಜ್ಯ ಸಂಖ್ಯೆ. 2ಕ್ಕೆ 5, 3ಕ್ಕೆ 7, 5ಕ್ಕೆ 11, 11ಕ್ಕೆ 23 ಬರುತ್ತೆ, ಎಲ್ಲಾ ಸರಿ. 7ಕ್ಕೆ 15 ಬರುತ್ತೆ, ಆಗೋದಿಲ್ಲ. ಇಂಥವು ಕೊನೆಯಿಲ್ಲದಷ್ಟು ಇವೆಯಾ ಅನ್ನೋದನ್ನು ಇಲ್ಲಿಯವರೆಗೂ ಯಾರೂ ಸಾಧಿಸಿಲ್ಲ. ನೂರರೊಳಗೆ ಮಾತ್ರ ಒಟ್ಟು ಹತ್ತು ಇವೆ. ನಾಲ್ಕು ಕೊಟ್ಟಿದ್ದೇನೆ. ಉಳಿದ ಆರನ್ನು ಹುಡುಕಿ, ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಸಿಕ್ಕಿಸಿ. ನಿಮ್ಮ ಸ್ವಂತ ಹೆಸರು ಹಾಕಿ.