ಗಲ್ಲಿಗಾಗಿ ಕಾದ ಪುಸ್ತಕ

ಕೊಲೆಯ ಸಿನಿಮಾ ಎಂದುಕೊಂಡು ‘ಕಪೋಟಿ’ ನೋಡಲು ಕೂತವರಿಗೆ ಬೇಗನೆ ಬೇಸರ ಬರಬಹುದು. ಬೆನ್ನಟ್ಟುವ ಕಾರುಗಳಿಲ್ಲ, ಪತ್ತೇದಾರನ ಜಾಣತನವಿಲ್ಲ. ಕೊಂದವರು ಯಾರೆಂಬುದು ಅರ್ಧ ದಾರಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಹಾಗಾದರೆ ಮಿಕ್ಕ ಹೊತ್ತೆಲ್ಲ ನಾವು ನೋಡಬೇಕಾದ್ದು ಏನನ್ನು? ಅಪರಾಧ ಬರವಣಿಗೆಗೂ ಜೀವನಚರಿತ್ರೆಯ ಸಿನಿಮಾಕ್ಕೂ ಹೊಸಬರಾದವರು 2005ರ ಈ ಅಮೆರಿಕನ್ ಚಿತ್ರದಿಂದಲೇ ಶುರು ಮಾಡಲಿ ಎನ್ನುವವನು ನಾನು. ಆದ್ದರಿಂದ ಈ ಪ್ರಶ್ನೆಗೆ ನಿಧಾನವಾಗಿಯೇ ಉತ್ತರ ಹುಡುಕೋಣ.

ಮೊದಲು, ನಡೆದದ್ದೇನು ಎಂಬುದು ತಿಳಿದಿರಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಹಾಲ್ಕಂ ಎಂಬ ಪುಟ್ಟ ಊರು. 1959ರ ನವೆಂಬರ್ 15ರ ನಸುಕಿನಲ್ಲಿ ಅಲ್ಲಿನ ಅನುಕೂಲಸ್ಥ ರೈತ ಹರ್ಬ್ ಕ್ಲಟರ್, ಅವನ ಹೆಂಡತಿ, ಹದಿಹರೆಯದ ಮಗಳು ಮತ್ತು ಮಗ, ನಾಲ್ವರೂ ತಮ್ಮ ಮನೆಯಲ್ಲೇ ಕೊಲೆಯಾದರು. ಆ ಮನೆಯಲ್ಲಿ ಹಣ ತುಂಬಿದ ತಿಜೋರಿ ಇದೆ ಎಂದು ಜೈಲಿನಲ್ಲಿ ಜೊತೆಗಿದ್ದ ಕೈದಿಯೊಬ್ಬ ಹೇಳಿದ್ದನ್ನು ನಂಬಿ ಬಂದವರು ಡಿಕ್ ಹಿಕಾಕ್ ಮತ್ತು ಪೆರಿ ಸ್ಮಿತ್. ತಿಜೋರಿ ಇರಲೇ ಇಲ್ಲ. ಸಿಕ್ಕಿದ್ದು 50 ಡಾಲರಿಗೂ ಕಡಿಮೆ. ಮರುದಿನ ‘ನ್ಯೂಯಾರ್ಕ್ ಟೈಮ್ಸ್’ನ ಒಳಪುಟದಲ್ಲಿ ಬಂದ ಸಣ್ಣ ಸುದ್ದಿ ಟ್ರೂಮನ್ ಕಪೋಟಿಯ ಕಣ್ಣಿಗೆ ಬಿತ್ತು. ಆಗ ಅವನಿಗೆ 35 ವರ್ಷ, ಹೆಸರು ಮಾಡಿದ್ದ ಕಾದಂಬರಿಕಾರ. ಈ ಕೊಲೆಗಳಿಂದ ಆ ಊರಿಗೆ ಏನಾಯಿತು ಎಂಬುದನ್ನು ‘ದಿ ನ್ಯೂಯಾರ್ಕರ್’ ಪತ್ರಿಕೆಗೆ ಬರೆಯುತ್ತೇನೆಂದು ಹೊರಟ. ಜೊತೆಗೆ ಬಾಲ್ಯದ ಗೆಳತಿ ಹಾರ್ಪರ್ ಲೀ. ಅವಳ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಇನ್ನೂ ಅಚ್ಚಾಗಿರಲಿಲ್ಲ. ಒಂದು ಲೇಖನ ಎಂದುಕೊಂಡು ಹೋದದ್ದು ಆರು ವರ್ಷ ಹಿಡಿಯಿತು. ಅದೇ ‘ಇನ್ ಕೋಲ್ಡ್ ಬ್ಲಡ್’.

ವ್ಯಕ್ತಿಯೊಬ್ಬನ ಬದುಕನ್ನು ಸಿನಿಮಾ ಮಾಡುವವರು ಸಾಮಾನ್ಯವಾಗಿ ತೊಟ್ಟಿಲಿನಿಂದ ಶುರು ಮಾಡಿ ಸಮಾಧಿಯವರೆಗೆ ಓಡುತ್ತಾರೆ. ಹೀಗೆ ಓಡಿದ ಚಿತ್ರಗಳು ಹೆಚ್ಚಾಗಿ ಪಠ್ಯಪುಸ್ತಕದ ಕವಿ ಪರಿಚಯದಂತಿರುತ್ತವೆ: ಹುಟ್ಟಿದ್ದು, ಬರೆದದ್ದು, ಪ್ರಶಸ್ತಿ ಪಡೆದದ್ದು. ಜೆರಾಲ್ಡ್ ಕ್ಲಾರ್ಕ್ ಬರೆದ ಕಪೋಟಿಯ ಜೀವನಚರಿತ್ರೆ ದಪ್ಪನೆಯ ಪುಸ್ತಕ. ಚಿತ್ರಕಥೆ ಬರೆದ ಡ್ಯಾನ್ ಫಟರ್‌ಮನ್ ಅದರಿಂದ ಈ ಆರು ವರ್ಷಗಳನ್ನಷ್ಟೇ ಎತ್ತಿಕೊಂಡರು. ಬಾಲ್ಯ, ಮೊದಲ ಪುಸ್ತಕ, ಕೊನೆಯ ದಿನಗಳು ಯಾವುದೂ ಇಲ್ಲಿಲ್ಲ. ಆದರೂ ಮನುಷ್ಯ ಇಡಿಯಾಗಿ ಕಾಣುತ್ತಾನೆ.

ಅವನು ಕೆಲಸ ಮಾಡುವ ರೀತಿಯನ್ನು ಗಮನಿಸಿ. ಕುಳ್ಳ, ಕೀರಲು ದನಿ, ಉದ್ದನೆಯ ಕೋಟು, ಕತ್ತಿಗೆ ಸ್ಕಾರ್ಫ್. ಹಾಲ್ಕಂನಂಥ ಊರಿಗೆ ಬೇರೆ ಲೋಕದ ಪ್ರಾಣಿ. ಮೊದಮೊದಲು ಯಾರೂ ಬಾಯಿ ಬಿಡುವುದಿಲ್ಲ. ಬಾಗಿಲು ತೆರೆಸುವವಳು ಹಾರ್ಪರ್ ಲೀ. ಅವನು ಜನರೆದುರು ಟಿಪ್ಪಣಿ ಬರೆದುಕೊಳ್ಳುವುದಿಲ್ಲ, ಟೇಪ್ ರೆಕಾರ್ಡರ್ ಇಡುವುದಿಲ್ಲ. ಕೇಳಿದ್ದರಲ್ಲಿ ಶೇಕಡಾ 94ರಷ್ಟು ನೆನಪಿರುತ್ತದೆ ಎಂದು ಕೊಚ್ಚಿಕೊಳ್ಳುತ್ತಾನೆ. ಕೊಲೆಯಾದ ಹುಡುಗಿಯ ಗೆಳತಿಯ ಎದುರು ಕೂತಾಗ ಅವನು ಪ್ರಶ್ನೆಯನ್ನೇ ಕೇಳುವುದಿಲ್ಲ. ತನ್ನ ದನಿ, ನಡೆ ನೋಡಿ ಚಿಕ್ಕಂದಿನಿಂದ ಜನ ತನ್ನನ್ನು ಹೇಗೆ ತಪ್ಪು ತಿಳಿದರು ಎಂದು ಹೇಳಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಸತ್ತ ಹುಡುಗಿಯ ದಿನಚರಿ ಅವನ ಕೈಗೆ ಬರುತ್ತದೆ. ಆ ನೋವು ನಿಜವಾದದ್ದು, ಅದನ್ನು ಬಳಸಿಕೊಂಡದ್ದೂ ನಿಜ. ಎರಡೂ ಒಟ್ಟಿಗೇ ನಿಜವಾಗಿರಬಲ್ಲವು ಎಂಬುದು ಅರ್ಥವಾದರೆ ಈ ಸಿನಿಮಾದ ಬೀಗದ ಕೈ ನಿಮಗೆ ಸಿಕ್ಕಿದಂತೆ.

ಕೊಲೆಗಾರರು ಸಿಕ್ಕಿಬಿದ್ದು ಪೆರಿ ಸ್ಮಿತ್ ಬಂದ ಮೇಲೆ ಈ ಆಟ ಬಿಗಿಯಾಗುತ್ತದೆ. ಅನಾಥಾಲಯಗಳಲ್ಲಿ ಬೆಳೆದವನು, ಚಿತ್ರ ಬರೆಯುವವನು, ಪದಗಳ ಮೋಹದವನು. ತಾಯಿ ತಂದೆಯರಿಂದ ದೂರವಾಗಿ ನೆಂಟರ ಮನೆಯಲ್ಲಿ ಬೆಳೆದ ಕಪೋಟಿಗೆ ಅವನಲ್ಲಿ ತನ್ನದೇ ಇನ್ನೊಂದು ರೂಪ ಕಾಣುತ್ತದೆ. ಜೈಲಿನಲ್ಲಿ ಊಟ ಬಿಟ್ಟು ಸೊರಗಿದ ಪೆರಿಗೆ ಅವನು ಚಮಚದಲ್ಲಿ ಶಿಶುಆಹಾರ ತಿನ್ನಿಸುತ್ತಾನೆ. ಗಲ್ಲುಶಿಕ್ಷೆಯ ವಿರುದ್ಧ ಮೇಲ್ಮನವಿಗೆ ವಕೀಲರನ್ನು ಹುಡುಕಿಕೊಡುತ್ತಾನೆ. ಪುಸ್ತಕದ ಹೆಸರೇನೆಂದು ಪೆರಿ ಕೇಳಿದಾಗ, ಇನ್ನೂ ಇಟ್ಟಿಲ್ಲ ಎಂದು ಸುಳ್ಳು ಹೇಳುತ್ತಾನೆ. ಮೇಲ್ಮನವಿಗಳು ವರ್ಷಗಟ್ಟಲೆ ಎಳೆಯುತ್ತವೆ. ಗಲ್ಲಾಗದೆ ಪುಸ್ತಕಕ್ಕೆ ಮುಕ್ತಾಯವಿಲ್ಲ. ಗೆಳೆಯನಂತೆ ವಕೀಲರನ್ನು ತಂದುಕೊಟ್ಟವನೇ ಈಗ ಆ ವಕೀಲರು ಸೋಲಲಿ ಎಂದು ಒಳಗೊಳಗೇ ಕಾಯುತ್ತಾನೆ. ನಾವು ನೋಡಬೇಕಾದ್ದು ಇದನ್ನು. ಇಲ್ಲಿ ಪತ್ತೆಯಾಗಬೇಕಾದ ಅಪರಾಧ ಲೇಖಕನ ಒಳಗಿನದು.

1965ರ ಏಪ್ರಿಲ್ 14ರಂದು ಇಬ್ಬರಿಗೂ ಗಲ್ಲಾಯಿತು. ಅದೇ ಸೆಪ್ಟೆಂಬರಿನಲ್ಲಿ ಬರಹ ಧಾರಾವಾಹಿಯಾಗಿ ಬರಲು ಶುರುವಾಯಿತು, 1966ರಲ್ಲಿ ಪುಸ್ತಕವಾಯಿತು. ಕಪೋಟಿ ಜಗತ್ಪ್ರಸಿದ್ಧನಾದ, 1984ರಲ್ಲಿ ಸಾಯುವವರೆಗೆ ಇನ್ನೊಂದು ಕಾದಂಬರಿಯನ್ನು ಮುಗಿಸಲಿಲ್ಲ.

ಫಿಲಿಪ್ ಸೀಮೋರ್ ಹಾಫ್‌ಮನ್‌ಗೆ ಈ ಪಾತ್ರಕ್ಕಾಗಿ ಆಸ್ಕರ್ ಬಂತು. ಅವರು ಕಪೋಟಿಗಿಂತ ಎತ್ತರದ, ದಪ್ಪ ಮೈಕಟ್ಟಿನ ಮನುಷ್ಯ. ಆ ದನಿಯನ್ನು ಅನುಕರಿಸುವುದು ಮಿಮಿಕ್ರಿ ಕಲಾವಿದರಿಗೂ ಸಾಧ್ಯ. ಎದುರಿನವನ ಮಾತು ಕೇಳುತ್ತಲೇ ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿರುವ ಆ ಕಣ್ಣು ಮಾತ್ರ ಹಾಫ್‌ಮನ್ನರದೇ. ನಿರ್ದೇಶಕ ಬೆನೆಟ್ ಮಿಲ್ಲರ್‌ಗೆ ಇದು ಮೊದಲ ಕಥಾಚಿತ್ರ. ಚಿತ್ರೀಕರಣ ನಡೆದದ್ದು ಕ್ಯಾನ್ಸಸ್‌ನಲ್ಲಲ್ಲ, ಕೆನಡಾದ ಮ್ಯಾನಿಟೋಬಾದಲ್ಲಿ. ಬೂದು ಆಕಾಶ, ಬಯಲು, ಒಂಟಿ ಮನೆ. ಸಂಗೀತ ಅಳತೆಯಲ್ಲಿದೆ. ಈ ನಿಧಾನಕ್ಕೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು; ಮೊಬೈಲ್ ದೂರವಿಟ್ಟು ನೋಡಿ.

ನನಗೆ ಒಂದು ತಕರಾರಿದೆ. ಸತ್ತ ನಾಲ್ವರು ಇಲ್ಲಿ ಬರೀ ನೆಪವಾಗಿಬಿಡುತ್ತಾರೆ. ಅವರು ಹೇಗಿದ್ದರೆಂದು ತಿಳಿಯಲು ಪುಸ್ತಕಕ್ಕೇ ಹೋಗಬೇಕು. ಅಲ್ಲಿಯೂ ಎಚ್ಚರವಿರಲಿ. ಬರೆದದ್ದೆಲ್ಲ ನಡೆದದ್ದೇ ಎಂದು ಕಪೋಟಿ ಹೇಳಿಕೊಂಡರೂ, ಸ್ಮಶಾನದಲ್ಲಿ ನಡೆಯುವ ಕೊನೆಯ ದೃಶ್ಯ ಅವನು ಕಟ್ಟಿದ್ದು. ಸಿನಿಮಾ ಆ ಸಂಗತಿಯನ್ನು ಮುಟ್ಟುವುದೇ ಇಲ್ಲ.

ಹಾರ್ಪರ್ ಲೀ ಪಾತ್ರದಲ್ಲಿ ಕ್ಯಾಥರೀನ್ ಕೀನರ್ ಇದ್ದಾರೆ. ತನ್ನ ಕಾದಂಬರಿಯ ಸಿನಿಮಾ ಬಿಡುಗಡೆಯಾದ ರಾತ್ರಿ ಅವಳು ಕಪೋಟಿಯ ಬಳಿ ಬಂದರೆ, ಅವನು ಕುಡಿಯುತ್ತ ತನ್ನ ಸಂಕಟವನ್ನೇ ಹೇಳಿಕೊಳ್ಳುತ್ತಾನೆ. ಗಲ್ಲಿನ ನಂತರ, ಅವರನ್ನು ಉಳಿಸಲು ತನ್ನಿಂದ ಏನೂ ಆಗುತ್ತಿರಲಿಲ್ಲ ಎಂದು ಫೋನಿನಲ್ಲಿ ಹೇಳಿದಾಗ, ಉಳಿಸುವ ಮನಸ್ಸೂ ನಿನಗಿರಲಿಲ್ಲ ಎಂಬರ್ಥದ ಮಾತು ಅವಳಿಂದ ಬರುತ್ತದೆ.

ಮೊದಲು ಈ ಚಿತ್ರ ನೋಡಿ, ಆಮೇಲೆ ‘ಇನ್ ಕೋಲ್ಡ್ ಬ್ಲಡ್’ ಓದಿ. ಅದೇ ಪುಸ್ತಕವನ್ನು ರಿಚರ್ಡ್ ಬ್ರೂಕ್ಸ್ 1967ರಲ್ಲಿ ಮಾಡಿದ ಕಪ್ಪು ಬಿಳುಪು ಸಿನಿಮಾ ಅದರ ನಂತರಕ್ಕಿರಲಿ. ಕೊಲೆ ನಡೆದ ಮನೆಯಲ್ಲೇ ಅದರ ಭಾಗಗಳನ್ನು ಚಿತ್ರೀಕರಿಸಿದ್ದಾರೆ. ಇದೇ ಕಪೋಟಿಯ ಬಗ್ಗೆ 2006ರಲ್ಲಿ ಬಂದ ‘ಇನ್‌ಫೇಮಸ್’ ಸಿಕ್ಕರೆ ನೋಡಿ, ಸಿಗದಿದ್ದರೆ ದೊಡ್ಡ ನಷ್ಟವೇನಿಲ್ಲ.