ನಿಂತಾಗ ಏರುವ ಎಂಜಿನ್ ತಾಪ

ಅಮೀರ್‌ಪೇಟೆ, ಪಂಜಾಗುಟ್ಟದ ದಟ್ಟಣೆಯಲ್ಲಿ ಏರುವ ಎಂಜಿನ್ ತಾಪವು ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲಿ ತಾನಾಗಿ ಇಳಿಯುತ್ತದೆ ಎಂಬ, ಪ್ರಶ್ನೆ ಕೇಳಿದ ಕಾರು ಮಾಲೀಕರೊಬ್ಬರ ವಿವರಣೆಯಲ್ಲಿಯೇ ದೋಷದ ಸುಳಿವಿದೆ. ವೇಗದಲ್ಲಿ ಎದುರುಗಾಳಿಯೇ ರೇಡಿಯೇಟರನ್ನು, ಅಂದರೆ ಕೂಲಂಟ್ ದ್ರವದ ಶಾಖವನ್ನು ಹೊರಬಿಡುವ ಜಾಲರಿಯನ್ನು, ತಣಿಸುತ್ತದೆ. ವಾಹನ ನಿಂತಾಗ ಆ ಕೆಲಸ ವಿದ್ಯುತ್ ಫ್ಯಾನಿನ ಪಾಲಿಗೆ ಬರುತ್ತದೆ. ಎಸಿ ಹಾಕಿದಾಗ ಬಹುತೇಕ ಕಾರುಗಳಲ್ಲಿ ಈ ಫ್ಯಾನು ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಬಳಿಕ ಫ್ಯಾನಿನ ವಿದ್ಯುತ್ ಸ್ವಿಚ್ಚಾದ ರಿಲೇ, ಕೊನೆಗೆ ಮೋಟಾರನ್ನು ಪರೀಕ್ಷಿಸುವುದು ಸೂಕ್ತ. ಆದರೆ ಎಂಜಿನ್ ಆರಿಸಿದ ಮೇಲೂ ಫ್ಯಾನು ಹಠಾತ್ತನೆ ತಿರುಗಬಹುದಾದ್ದರಿಂದ ಅದರ ಬಳಿ ಕೈಯಿಡಬಾರದು.

ಫ್ಯಾನು ಸರಿಯಿದ್ದರೆ, ಎಂಜಿನ್ ಪೂರ್ತಿ ತಣಿದ ನಂತರ ಕೂಲಂಟ್ ಮಟ್ಟವನ್ನು ನೋಡಬೇಕು. ಒತ್ತಡದಲ್ಲಿರುವ ಈ ದ್ರವವು 100 ಡಿಗ್ರಿ ಸೆಲ್ಸಿಯಸ್ ಮೀರಿಯೂ ಕುದಿಯದೆ ಉಳಿಯುವುದರಿಂದ, ಬಿಸಿಯಿರುವಾಗ ಮುಚ್ಚಳ ತೆರೆದರೆ ಒಮ್ಮೆಲೇ ಉಕ್ಕಿ ಮೈ ಸುಡುತ್ತದೆ. ಕೊರತೆಯನ್ನು ಬೋರ್‌ವೆಲ್ ನೀರಿನಿಂದ ತುಂಬಿದರೆ ಅದರ ಲವಣಗಳು ಕೊಳವೆಗಳಲ್ಲಿ ಪದರಗಟ್ಟುವುದರಿಂದ, ತಯಾರಕರು ಸೂಚಿಸಿದ ಕೂಲಂಟನ್ನೇ ಬಳಸಬೇಕು.

ಕೂಲಂಟ್ ಬೆರೆತು ಎಂಜಿನ್ ಆಯಿಲ್ ಹಾಲು ಹಾಕಿದ ಇರಾನಿ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರ್ ಹೆಡ್ ಮತ್ತು ಬ್ಲಾಕಿನ ನಡುವೆ ಸೋರಿಕೆ ತಡೆಯುವ ತೆಳು ಹಾಳೆ, ಕೆಟ್ಟಿರುವ ಸಂಭವವಿದ್ದು, ಕಾರನ್ನು ಚಲಾಯಿಸದೆ ಟೋಯಿಂಗ್ ವಾಹನದಲ್ಲಿ ಗ್ಯಾರೇಜಿಗೆ ಸಾಗಿಸುವುದೇ ಕ್ಷೇಮ.