ತೋಟವನ್ನು ಒತ್ತೆಯಿಡುವ ಮುನ್ನ

ಮೂಡಿಗೆರೆ

ಚಿರಂಜೀವಿ,

ಕಾಫಿಗೆ ಒಳ್ಳೆಯ ಬೆಲೆ ಬಂದಿರುವ ಈ ಕಾಲದಲ್ಲಿ ತೋಟದ ಮೇಲೆ ಸಾಲ ತೆಗೆದು ಚಿಕ್ಕಮಗಳೂರಿನ ಹೊಸ ಬಡಾವಣೆಯಲ್ಲಿ ಎರಡು ಸೈಟುಗಳನ್ನು ಕೊಳ್ಳಬೇಕೆಂದೂ, ಒಂದನ್ನು ಮಾರಿ ಸಾಲ ತೀರಿಸಿ ಇನ್ನೊಂದರಲ್ಲಿ ಮನೆ ಕಟ್ಟಬೇಕೆಂದೂ ನೀನು ಯೋಚಿಸಿರುವುದು ತಿಳಿಯಿತು. ಸ್ವಂತ ಮನೆಯ ಅಭಿಲಾಷೆ ಶ್ಲಾಘ್ಯವಾದುದೇ. ಆದರೆ ನಿನ್ನ ಲೆಕ್ಕವೆಲ್ಲ, ಆ ಸೈಟು ನೀನೆಂದ ದಿನ ನೀನೆಂದ ಬೆಲೆಗೆ ಮಾರಾಟವಾದೀತೆಂಬ ಒಂದೇ ನಂಬಿಕೆಯ ಮೇಲೆ ನಿಂತಿರುವುದರಿಂದ, ಮನೆ–ನಿವೇಶನಗಳ ವ್ಯಾಪಾರ ಮಂದವಾಗುವ ಬಗೆಯನ್ನು ನಿನಗೂ ನಿನ್ನ ಓರಗೆಯವರಿಗೂ ತಿಳಿಯಪಡಿಸುವುದು ಹಿರಿಯನಾದ ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ವ್ಯಾಪಾರ ಮಂದವಾದ ಕಾಲದಲ್ಲಿ ಬೆಲೆಗಿಂತ ಮೊದಲು ಕುಗ್ಗುವುದು ಕ್ರಯವಿಕ್ರಯಗಳ ಸಂಖ್ಯೆ. ಪಕ್ಕದ ಸೈಟಿಗೆ ಹೋದ ವರ್ಷ ಬಂದ ಬೆಲೆಯನ್ನು ಮರೆಯಲಾರದ ಮಾಲೀಕನು ಇಳಿಯಲೊಲ್ಲನು, ಕೊಳ್ಳುವವನು ಏರಲಾರನು. ದರ ನಿಂತಲ್ಲೇ ನಿಂತಂತೆ ತೋರಿದರೂ ವ್ಯವಹಾರ ನಿಂತುಹೋಗಿರುತ್ತದೆ. ಮೂರು ತಿಂಗಳಿಗೆಂದು ಮುಂಗಡ ಕೊಟ್ಟು ಬರೆಸಿಕೊಂಡ ಅಗ್ರಿಮೆಂಟಿನ ವಾಯಿದೆ ಆರು ತಿಂಗಳಿಗೆ, ಮತ್ತೆ ವರ್ಷಕ್ಕೆ ಬೆಳೆಯುತ್ತದೆ. ಒಂದು ರೂಪಾಯಿಯನ್ನೂ ಬಿಡೆನೆಂದ ಮಾಲೀಕನೇ ನೋಂದಣಿಯ ಖರ್ಚು ತನ್ನದೆನ್ನುತ್ತಾನೆ, ಕಾಂಪೌಂಡು ಕಟ್ಟಿಸಿಕೊಡುತ್ತೇನೆನ್ನುತ್ತಾನೆ. ಅದೂ ಬೆಲೆ ಇಳಿದಂತೆಯೇ ಸರಿ. ಬಡಾವಣೆಗೆ ನೀನೇ ಹೋಗಿ ನೋಡು: ಟಾರು ರಸ್ತೆ, ಚರಂಡಿ, ದೀಪದ ಕಂಬಗಳೆಲ್ಲ ಇದ್ದು, ಸೈಟುಗಳೆಲ್ಲ ಮಾರಿಹೋಗಿವೆಯೆಂಬ ಮಾತೂ ಇದ್ದು, ನಂಬರುಗಲ್ಲುಗಳು ಮಾತ್ರ ಲಂಟಾನದ ಪೊದೆಯಲ್ಲಿ ಮುಚ್ಚಿಹೋಗಿ, ಜನ ವಾಸವಾಗಿರುವ ಮನೆ ನಾಲ್ಕೈದೇ ಆಗಿದ್ದರೆ, ಅಲ್ಲಿ ಕೊಂಡವರಲ್ಲಿ ಬಹುಮಂದಿ ನಿನ್ನಂತೆ ಮಾರುವುದಕ್ಕಾಗಿಯೇ ಕೊಂಡವರೆಂದು ತಿಳಿ.

ನಮ್ಮ ಸೀಮೆಯ ಸೈಟುಗಳ ಬೆಲೆಗೆ ಆಧಾರ ಎರಡು: ಕಾಫಿಯ ಹಣ, ಬೆಂಗಳೂರಿನ ಹಣ. 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮದ ಹೊಡೆತಕ್ಕೆ ಸಿಕ್ಕಿ ಕಾಫಿಯ ಬೆಲೆ ಏರಿದಾಗ, ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ಪೂಲಿನ ಕಟ್ಟು ಸಡಿಲಿ ತಮ್ಮ ಬೆಳೆಯನ್ನು ತಾವೇ ಮಾರುವ ಸ್ವಾತಂತ್ರ್ಯವನ್ನು ಆಗತಾನೆ ಪಡೆಯುತ್ತಿದ್ದ ಬೆಳೆಗಾರರ ಕೈಯಲ್ಲಿ ಹಣ ಆಡಿತು. ಅದರಲ್ಲಿ ಒಂದು ಭಾಗ ಪಟ್ಟಣದ ಸೈಟು–ಮನೆಗಳಿಗೆ ಹರಿಯಿತು. ಆದರೆ ಆ ದಶಕದ ನಡುವಿನಲ್ಲಿಯೇ ದೇಶದ ಮಹಾನಗರಗಳಲ್ಲಿ ಸ್ಥಿರಾಸ್ತಿಯ ಬೆಲೆ ಶಿಖರವನ್ನು ಮುಟ್ಟಿ ಇಳಿಯತೊಡಗಿತು. 2001ರ ಸುಮಾರಿಗೆ ವಿಯೆಟ್ನಾಮಿನ ಫಸಲು ಜಗತ್ತನ್ನು ತುಂಬಿ ಕಾಫಿಯೂ ದಶಕಗಳಲ್ಲಿ ಕಾಣದಷ್ಟು ಕುಸಿಯಿತು. ಸೈಟನ್ನು ಮಾರಲಾಗದೆ, ಕಾಫಿಯಿಂದ ಬಡ್ಡಿ ಕಟ್ಟಲಾಗದೆ, ಕೊನೆಗೆ ತೋಟವನ್ನೇ ಬಿಟ್ಟುಕೊಟ್ಟ ಕುಟುಂಬಗಳನ್ನು ಮೂಡಿಗೆರೆ, ಕಳಸಗಳಲ್ಲಿ ನಾನು ಬಲ್ಲೆ. ಅರೇಬಿಕಾದ ಅಂತರರಾಷ್ಟ್ರೀಯ ದರ 1977ರ ದಾಖಲೆಯನ್ನು 2024ರ ಡಿಸೆಂಬರಿನಲ್ಲಿ ಮೀರಿತೆಂಬುದು ನಿಜ. ಬ್ರೆಜಿಲಿನಲ್ಲಿ ಮಳೆ ಸಕಾಲಕ್ಕೆ ಬಂದರೆ ಅದು ಇಳಿಯುವುದೂ ಅಷ್ಟೇ ನಿಜ.

ಬೆಂಗಳೂರಿನ ಹಣವಾದರೋ ಬಡ್ಡಿಯನ್ನು ಅನುಸರಿಸುವುದು. 2020ರ ಮೇ ತಿಂಗಳಲ್ಲಿ ಶೇಕಡ 4 ಇದ್ದ, ಮನೆಸಾಲದ ಬಡ್ಡಿಯೂ ಅನುಸರಿಸುವ ರಿಸರ್ವ್ ಬ್ಯಾಂಕಿನ ರೆಪೊ ದರ 2023ರ ಫೆಬ್ರವರಿಗೆ 6.5 ಆಯಿತು. 50 ಲಕ್ಷ ರೂಪಾಯಿಯ 20 ವರ್ಷದ ಸಾಲಕ್ಕೆ ಶೇಕಡ 7ರ ಬಡ್ಡಿಯಲ್ಲಿ ಸುಮಾರು 38,800 ರೂಪಾಯಿ ಬರುವ ತಿಂಗಳ ಕಂತು, ಬಡ್ಡಿ ಎರಡೂವರೆ ಏರಿದೊಡನೆ 46,600ಕ್ಕೆ ಮುಟ್ಟುವುದು. ಅಂತಹ ಸಮಯದಲ್ಲಿ ನಮ್ಮ ಸೀಮೆಯ ಗಿರಿಯ ಬುಡದಲ್ಲೊಂದು ಎರಡನೆಯ ಮನೆ ಬೇಕೆಂಬ ಆಸೆಯನ್ನೇ ನಗರದವನು ಮೊದಲು ಕೈಬಿಡುತ್ತಾನೆ.

ವ್ಯಾಪಾರದ ಈ ಮಂದಗತಿ ಕೊಂಡವನೊಬ್ಬನ ನಷ್ಟವೆಂದು ತಿಳಿಯಬೇಡ. ಕೆಲಸ ತಳಪಾಯಕ್ಕೇ ನಿಂತರೆ ಗಾರೆಯವನ, ಬಡಗಿಯ ವಾರದ ಬಟವಾಡೆ ನಿಲ್ಲುವುದು. ಜಲ್ಲಿ, ಮರಳಿನ ಲಾರಿಗೆ ಬಾಡಿಗೆಯಿಲ್ಲದಾಗುವುದು. ಸಿಮೆಂಟು–ಕಬ್ಬಿಣದ ಅಂಗಡಿಯ ಉದ್ದರಿ ವಸೂಲಾಗದು. ಒತ್ತೆಯ ಮೌಲ್ಯ ಕುಂದಿತೆಂದು ಬ್ಯಾಂಕು ಹೊಸ ಸಾಲಕ್ಕೆ ಹಿಂಜರಿಯುವುದು. ಮುದ್ರಾಂಕ–ನೋಂದಣಿಗಳಿಂದ ಬರುವ ರಾಜ್ಯದ ಆದಾಯವೂ ತಗ್ಗುವುದು. ಇದರಲ್ಲಿ ಒಳಿತೂ ಇಲ್ಲದಿಲ್ಲ: ಏರಿದ ದರದಿಂದಾಗಿ ಬಾಡಿಗೆ ಮನೆಯಲ್ಲೇ ಉಳಿದಿದ್ದ ಶಾಲಾ ಶಿಕ್ಷಕಿಗೂ ಬಸ್ಸಿನ ಚಾಲಕನಿಗೂ ವಾಸಕ್ಕೊಂದು ಸೂರು ಕೈಗೆಟುಕುವುದು ಇಂತಹ ಕಾಲದಲ್ಲಿಯೇ.

ಆದುದರಿಂದ ನನ್ನ ಮಾತು ಇಷ್ಟು. ಒಂದೇ ಸೈಟನ್ನು ಕೊಳ್ಳು, ಫಸಲಿನಿಂದ ಉಳಿದ ಹಣದಿಂದ ಕೊಳ್ಳು, ವಾಸಕ್ಕಾಗಿ ಕೊಳ್ಳು. ದಲ್ಲಾಳಿ ಹೇಳುವ ದರವನ್ನು ನಂಬದೆ, ಆ ಬೀದಿಯಲ್ಲಿ ಈಚೆಗೆ ನಿಜವಾಗಿ ಯಾವ ಬೆಲೆಗೆ ಕ್ರಯವಾಯಿತು, ಅಂತಹ ಮನೆಗೆ ಬಾಡಿಗೆ ಎಷ್ಟು ಬರುವುದು ಎಂಬುದನ್ನು ವಿಚಾರಿಸು. ಹತ್ತು ವರ್ಷ ಯಾರೂ ಕೊಳ್ಳಲು ಬಾರದಿದ್ದರೂ ನೀನು ನೆಮ್ಮದಿಯಿಂದ ಇಟ್ಟುಕೊಳ್ಳಬಲ್ಲೆಯಾದರೆ ಮಾತ್ರ ಆ ಬೆಲೆ ನಿನ್ನ ಶಕ್ತಿಗೆ ತಕ್ಕುದು. ಅನ್ನ ಕೊಡುವ ತೋಟವನ್ನು, ಇನ್ನೊಬ್ಬನು ಹೆಚ್ಚು ಕೊಟ್ಟಾನೆಂಬ ನಿರೀಕ್ಷೆಗಾಗಿ ಎಂದಿಗೂ ಒತ್ತೆಯಿಡಬೇಡ.

ಇತಿ,
ನಿನ್ನ ಹಿತಚಿಂತಕ